ಜೋವಾ ಅರಳಬೇಕೆಂದರೆ: ಮನೆಯ ರೀಫ್ ಟ್ಯಾಂಕಿನಲ್ಲಿ ಜೋವಾಂಥಿಡ್ ಸಾಕುವ ಕ್ರಮ

ರೀಫ್ ಟ್ಯಾಂಕ್, ಅಂದರೆ ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ, ಇಟ್ಟವರು ಮೊದಲು ಮನೆಗೆ ತರುವ ಹವಳ ಬಹುಪಾಲು ಜೋವಾಂಥಿಡ್ ಆಗಿರುತ್ತದೆ. ಹವ್ಯಾಸಿಗಳ ಬಾಯಲ್ಲಿ ಅದು ಬರೀ ಜೋವಾ. ‘ಇದು ಸಾಯೋದೇ ಇಲ್ಲ’ ಎಂದು ಹೇಳಿ ಮಾರುವವರಿದ್ದಾರೆ. ಆ ಮಾತು ಅರ್ಧ ಮಾತ್ರ ನಿಜ. ಕಡಲಿನಲ್ಲಿ ಇವು ದಡದ ಬಂಡೆಗಳ ಮೇಲೆ, ಇಳಿತದ ಹೊತ್ತಿನಲ್ಲಿ ನೀರೇ ಇಲ್ಲದ ಜಾಗದಲ್ಲೂ ಬದುಕುತ್ತವೆ. ನಮ್ಮ ಪಶ್ಚಿಮ ಕರಾವಳಿಯ ಬಂಡೆಗಳ ಮೇಲೂ ಇವುಗಳ ಹಾಸು ಕಾಣಸಿಗುತ್ತದೆ. ಹಾಗಾಗಿ ಒಂದು ದಿನದ ಕಷ್ಟವನ್ನು ಜೋವಾ ತಡೆದುಕೊಳ್ಳುತ್ತದೆ. ಅದನ್ನು ಕೊಲ್ಲುವುದು ದಿನವೂ ನಡೆಯುವ ಸಣ್ಣ ಏರಿಳಿತ, ಕಣ್ಣಿಗೆ ಬೀಳದ ಹುಳ, ಮತ್ತು ಏನಾಗಿದೆ ಎಂದು ತಿಳಿಯುವ ಮೊದಲೇ ಏನಾದರೊಂದು ಮಾಡಿಬಿಡುವ ನಮ್ಮ ಅವಸರ. ಈ ಮೂರನ್ನು ತಡೆದರೆ ಮೂರು ಪಾಲಿಪ್‌ನ (ಹೂವಿನಂತೆ ಅರಳುವ ಒಂದೊಂದು ಜೀವಿಯೂ ಒಂದು ಪಾಲಿಪ್) ತುಂಡೊಂದು ಕಲ್ಲು ತುಂಬ ಹಬ್ಬುತ್ತದೆ.

ಇಲ್ಲಿ ಕೊಟ್ಟಿರುವ ಲೆಕ್ಕಗಳೆಲ್ಲ 100 ಲೀಟರ್ ನೀರಿಗೆ. ಟ್ಯಾಂಕಿನ ಅಳತೆ 100 ಲೀಟರ್ ಇದ್ದರೂ ಕಲ್ಲು ಮರಳು ಕಳೆದು ಒಳಗಿರುವ ನೀರು 80–85 ಲೀಟರ್ ಇರಬಹುದು. ಔಷಧಿ, ಸೋಡಾ ಹಾಕುವಾಗ ಆ ನಿಜವಾದ ಅಳತೆಯನ್ನೇ ಹಿಡಿಯಿರಿ.

ಯಾವುದು ಜೋವಾ, ಯಾವುದು ಪ್ಯಾಲಿ

ಜೋವಾಂಥಿಡ್‌ಗೆ ಗಟ್ಟಿ ಹವಳದಂತೆ ಸುಣ್ಣದ ಎಲುಬುಗೂಡು ಇಲ್ಲ. ಒಂದೇ ಚರ್ಮದ ಹಾಸಿನಿಂದ (ಇದನ್ನು ಮ್ಯಾಟ್ ಎನ್ನುತ್ತಾರೆ) ಹತ್ತಾರು ಪಾಲಿಪ್‌ಗಳು ಎದ್ದು ನಿಂತಿರುತ್ತವೆ. ಪ್ರತಿ ಪಾಲಿಪ್‌ಗೂ ನಡುವೆ ಬಾಯಿ, ಸುತ್ತ ತಟ್ಟೆ, ಅಂಚಿನಲ್ಲಿ ಎಸಳಿನಂಥ ಸ್ಕರ್ಟ್. ಅಂಗಡಿಯಲ್ಲಿ ಸಿಗುವವು ಹೆಚ್ಚಾಗಿ ಎರಡು ಕುಲದವು: ಜೋವಾಂಥಸ್ ಮತ್ತು ಪ್ಯಾಲಿಥೋವಾ. ಪ್ಯಾಲಿಥೋವಾ ತನ್ನ ಮೈಯೊಳಗೆ ಮರಳಿನ ಕಣಗಳನ್ನು ಸೇರಿಸಿಕೊಳ್ಳುತ್ತದೆ, ಹಾಗಾಗಿ ಕಾಂಡ ದಪ್ಪ, ಮುಟ್ಟಿದರೆ ಒರಟು. ಜೋವಾಂಥಸ್ ಮೈ ನುಣುಪು, ಪಾಲಿಪ್ ಚಿಕ್ಕದು. ‘ಈಗಲ್ ಐ’, ‘ರಾಸ್ತಾ’, ‘ಅಟರ್ ಕೇಯಾಸ್’ ಮೊದಲಾದವೆಲ್ಲ ಬಣ್ಣ ನೋಡಿ ವ್ಯಾಪಾರದವರು ಇಟ್ಟ ಹೆಸರುಗಳು. ಅವು ಜಾತಿಯ ಹೆಸರಲ್ಲ. ಮೊದಲ ಸಲ ಸಾಕುವವರಿಗೆ ಈಗಲ್ ಐ ತರಹದ ಅಗ್ಗದ, ಬೇಗ ಹಬ್ಬುವ ಜೋವಾಂಥಸ್ ಒಳ್ಳೆಯದು. ದುಬಾರಿ ಬಣ್ಣದವು ಬಹುಪಾಲು ನಿಧಾನ ಬೆಳೆಯುತ್ತವೆ. ಒಂದೇ ಪಾಲಿಪ್ ಇರುವ ತುಂಡು ಕೊಂಡು ಅದು ಕರಗಿಹೋದರೆ ಕಲಿಯಲು ಏನೂ ಉಳಿಯುವುದಿಲ್ಲ. ನಾಲ್ಕೈದು ಪಾಲಿಪ್ ಇರುವುದನ್ನೇ ತನ್ನಿ.

ಟ್ಯಾಂಕಿನಲ್ಲೇ ಬೆಳೆದ ತುಂಡನ್ನು ಇನ್ನೊಬ್ಬ ಹವ್ಯಾಸಿಯಿಂದ ಪಡೆಯುವುದು ಎಲ್ಲಕ್ಕಿಂತ ಉತ್ತಮ. ಕಡಲಿಗೆ ಇಳಿದು ಕಲ್ಲು, ಹವಳ ಕಿತ್ತು ತರುವ ಯೋಚನೆ ಬೇಡ. ಗಟ್ಟಿ ಹವಳಗಳು, ಕಡಲ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಬಂಡೆಯಿಂದ ಎದ್ದ ಒಂದು ಕಲ್ಲಿನಲ್ಲಿ ಅವು ಇರುವುದಿಲ್ಲ ಎಂದು ಯಾರೂ ಹೇಳಲಾಗದು.

ಮೊದಲು ವಿಷದ ಮಾತು

ಇದನ್ನು ಕೊನೆಗೆ ಇಟ್ಟರೆ ಓದದೆ ಬಿಡುವವರಿದ್ದಾರೆ, ಅದಕ್ಕೇ ಇಲ್ಲಿ.

ಹವಾಯಿಯ ಮಾವಿ ದ್ವೀಪದಲ್ಲಿ ಹಾನಾ ಎಂಬ ಊರಿನ ಬಳಿ ಕಡಲ ಗುಂಡಿಯೊಂದರಲ್ಲಿ ‘ಸಾವಿನ ಪಾಚಿ’ ಬೆಳೆಯುತ್ತದೆಂದು ಅಲ್ಲಿನವರು ಮೊದಲಿನಿಂದ ಹೇಳುತ್ತಿದ್ದರು. ಅದು ಪಾಚಿಯಲ್ಲ, ಪ್ಯಾಲಿಥೋವಾ. ಅದರಿಂದ ಬೇರ್ಪಡಿಸಿದ ವಿಷವನ್ನು ಮೂರ್ ಮತ್ತು ಶೋಯರ್ ಎಂಬ ವಿಜ್ಞಾನಿಗಳು 1971ರಲ್ಲಿ ಪ್ಯಾಲಿಟಾಕ್ಸಿನ್ ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಜೀವಕೋಶದ ಪೊರೆಯಲ್ಲಿ ಸೋಡಿಯಂ, ಪೊಟ್ಯಾಸಿಯಂಗಳನ್ನು ಅತ್ತಿತ್ತ ಸಾಗಿಸುವ ಪಂಪು ಇದೆಯಲ್ಲ, ಈ ವಿಷ ಅದಕ್ಕೆ ಅಂಟಿಕೊಂಡು ಅದನ್ನು ಮುಚ್ಚದ ಬಾಗಿಲಾಗಿಸಿಬಿಡುತ್ತದೆ. ಎಲ್ಲ ಜೋವಾಗಳಲ್ಲೂ ಇದು ಇರುವುದಿಲ್ಲ. ಕೆಲವು ಪ್ಯಾಲಿಥೋವಾಗಳಲ್ಲಿ ಬಹಳ ಇರುತ್ತದೆ, ಹೆಚ್ಚಿನ ಜೋವಾಂಥಸ್‌ನಲ್ಲಿ ಕಡಿಮೆ. ಕಣ್ಣಳತೆಯಲ್ಲಿ ಹೇಳಲು ಬರುವುದಿಲ್ಲ, ಆದ್ದರಿಂದ ಎಲ್ಲವನ್ನೂ ವಿಷವೆಂದೇ ಹಿಡಿದು ನಡೆಯಬೇಕು.

ಜೋವಾ ಅಂಟಿರುವ ಕಲ್ಲನ್ನು ಎಂದೂ ಕುದಿಸಬೇಡಿ. ಬಿಸಿನೀರು ಸುರಿಯಬೇಡಿ, ಒಣಗಿಸಿ ಬ್ರಷ್‌ನಲ್ಲಿ ಉಜ್ಜಬೇಡಿ, ಜೋರು ನೀರಿನ ಪೈಪ್ ಹಿಡಿಯಬೇಡಿ. ಮನೆಮಂದಿಯೆಲ್ಲ ಒಟ್ಟಿಗೆ ಆಸ್ಪತ್ರೆ ಸೇರಿದ ಪ್ರಕರಣಗಳು ಬೇರೆ ದೇಶಗಳಲ್ಲಿ ನಡೆದಿರುವುದು ಹೀಗೆಯೇ. ಕುದಿಸಿದರೆ ಈ ವಿಷ ನಾಶವಾಗುವುದಿಲ್ಲ, ಹಬೆಯ ಜೊತೆ ಉಸಿರಿಗೆ ಸೇರುತ್ತದೆ. ಬೇಡದ ಕಾಲೊನಿಯನ್ನು (ಒಂದೇ ಮ್ಯಾಟ್‌ನ ಪಾಲಿಪ್‌ಗಳ ಗುಂಪನ್ನು) ತೆಗೆಯಬೇಕಾದರೆ ಕಲ್ಲಿನ ಸಮೇತ ಬಕೆಟ್‌ನಲ್ಲಿ ಬ್ಲೀಚ್ ನೀರಿಗೆ ಹಾಕಿ. ಅಂಗಡಿಯ ಬ್ಲೀಚ್ ಸಾಮಾನ್ಯವಾಗಿ 4 ಪ್ರತಿಶತದ್ದು. 1 ಭಾಗ ಬ್ಲೀಚ್‌ಗೆ 5 ಭಾಗ ನೀರು ಸೇರಿಸಿ ಬಾಲ್ಕನಿಯಲ್ಲೋ ತಾರಸಿಯಲ್ಲೋ ಒಂದು ದಿನ ಬಿಡಿ. ಕತ್ತರಿಸಿದ ಬ್ಲೇಡ್, ಚಿಮಟ, ಟ್ರೇಗಳಿಗೆ ಇದೇ ದ್ರಾವಣದಲ್ಲಿ 30 ನಿಮಿಷ ಸಾಕು. ಬ್ಲೀಚ್‌ಗೆ ವಿನೆಗರ್ ಆಗಲಿ ಟಾಯ್ಲೆಟ್ ಕ್ಲೀನರ್ ಆಗಲಿ ಸೇರಿಸಬಾರದು, ಕ್ಲೋರಿನ್ ಅನಿಲ ಬರುತ್ತದೆ.

ಟ್ಯಾಂಕಿಗೆ ಕೈ ಹಾಕುವಾಗ ನೈಟ್ರೈಲ್ ಕೈಗವಸು, ಕತ್ತರಿಸುವಾಗ ಕಣ್ಣಿಗೆ ಪೂರ್ತಿ ಮುಚ್ಚುವ ಗಾಗಲ್ಸ್ ಕಡ್ಡಾಯ. ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟುವುದೇ ಬೇಡ. ಮುಟ್ಟಿದ ಮೇಲೆ ಬಾಯಲ್ಲಿ ಲೋಹದ ರುಚಿ, ಚಳಿಜ್ವರ, ಕೆಮ್ಮು, ಉಸಿರಾಟದ ಕಷ್ಟ, ಮೈಕೈ ನೋವು, ಜುಮುಗುಟ್ಟುವಿಕೆ ಕಂಡರೆ ಆ ಕೋಣೆಯಿಂದ ಎಲ್ಲರೂ ಹೊರಬನ್ನಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಕಣ್ಣಿಗೆ ಸಿಡಿದರೆ 15 ನಿಮಿಷ ಶುದ್ಧ ನೀರಿನಲ್ಲಿ ತೊಳೆದು ಕಣ್ಣಿನ ವೈದ್ಯರ ಬಳಿಗೆ ಹೋಗಿ. ಈ ವಿಷಕ್ಕೆ ಪ್ರತ್ಯೇಕ ಮದ್ದಿಲ್ಲ, ಲಕ್ಷಣ ನೋಡಿ ಚಿಕಿತ್ಸೆ ಮಾಡುತ್ತಾರೆ. ಹಾಗಾಗಿ ‘ಪ್ಯಾಲಿಟಾಕ್ಸಿನ್, ಸಮುದ್ರದ ಅಕ್ವೇರಿಯಂ’ ಎಂಬ ಎರಡು ಮಾತನ್ನು ವೈದ್ಯರಿಗೆ ಮೊದಲೇ ಹೇಳಿ. ಇಲ್ಲದಿದ್ದರೆ ಅವರು ಮಾಮೂಲಿ ವೈರಲ್ ಜ್ವರವೆಂದುಕೊಳ್ಳುವ ಸಾಧ್ಯತೆ ಹೆಚ್ಚು.

ಇಷ್ಟು ಎಚ್ಚರ ಇಟ್ಟುಕೊಂಡರೆ ಹೆದರಬೇಕಾದ್ದಿಲ್ಲ. ಟ್ಯಾಂಕಿನ ನೀರಿನಲ್ಲಿ ತನ್ನ ಪಾಡಿಗೆ ಅರಳಿ ನಿಂತ ಜೋವಾ ಯಾರಿಗೂ ಏನೂ ಮಾಡುವುದಿಲ್ಲ.

ನೀರು: ಎಲ್ಲ ಕೆಡುವುದೂ ಸರಿಹೋಗುವುದೂ ಇಲ್ಲಿಯೇ

ಹಿಡಿಯಬೇಕಾದ ಅಳತೆಗಳು ಇವು:

- ಉಷ್ಣಾಂಶ 24–27 ಡಿಗ್ರಿ ಸೆಲ್ಸಿಯಸ್
- ಉಪ್ಪಿನಂಶ 35 ಪಿಪಿಟಿ (ಸಾವಿರ ಭಾಗಕ್ಕೆ 35 ಭಾಗ), ಅಂದರೆ ಸಾಪೇಕ್ಷ ಸಾಂದ್ರತೆ 1.025–1.026
- ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ) 8–9.5 ಡಿಕೆಎಚ್
- ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1280–1380 ಪಿಪಿಎಂ
- ನೈಟ್ರೇಟ್ 5–15 ಪಿಪಿಎಂ, ಫಾಸ್ಫೇಟ್ 0.03–0.1 ಪಿಪಿಎಂ

ಜೋವಾಗೆ ಎಲುಬಿಲ್ಲದ್ದರಿಂದ ಕ್ಯಾಲ್ಸಿಯಂ ಲೆಕ್ಕ ಅಷ್ಟು ಕಾಡುವುದಿಲ್ಲ, ವಾರದ ನೀರು ಬದಲಾವಣೆಯೇ ಸಾಕು. ಕಾಡುವುದು ಉಪ್ಪು, ಆಲ್ಕಲಿನಿಟಿ ಮತ್ತು ಕೊನೆಯ ಸಾಲಿನ ಎರಡು.

ಉಪ್ಪಿನಿಂದ ಶುರು ಮಾಡೋಣ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರನ್ನು ಶುದ್ಧ ನೀರಿನಲ್ಲಿ ಸೊನ್ನೆಗೆ ತಂದು ನಂಬಿಕೊಳ್ಳುವವರು ಬಹಳ. ಸೊನ್ನೆಯಲ್ಲಿ ಸರಿಯಿರುವ ಉಪಕರಣ 35ರ ಬಳಿ ತಪ್ಪು ತೋರಿಸಬಹುದು. 35 ಪಿಪಿಟಿಯ ಮಾನಕ ದ್ರಾವಣದಿಂದಲೇ ಸರಿಪಡಿಸಿ. ಅದು ಸಿಗದ ಊರಿನಲ್ಲಿ ಮನೆಯಲ್ಲೇ ಮಾಡಿಕೊಳ್ಳಬಹುದು: 36.5 ಗ್ರಾಂ ಒಣಗಿದ ಅಡುಗೆ ಉಪ್ಪನ್ನು 963.5 ಗ್ರಾಂ ಡಿಸ್ಟಿಲ್ಡ್ ನೀರಿನಲ್ಲಿ ಕರಗಿಸಿ. ಈ ದ್ರಾವಣಕ್ಕೆ ಬೆಳಕು ಬಾಗುವ ಪ್ರಮಾಣ 35 ಪಿಪಿಟಿ ಕಡಲ ನೀರಿನದೇ. ಇದು ಅಳತೆಗೆ ಮಾತ್ರ, ಟ್ಯಾಂಕಿಗೆ ಹಾಕುವುದಕ್ಕಲ್ಲ.

100 ಲೀಟರ್ ಟ್ಯಾಂಕಿನಿಂದ ದಿನಕ್ಕೆ 1ರಿಂದ 2 ಲೀಟರ್ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಒಂದು ಲೀಟರ್ ಹೋದರೆ ಉಪ್ಪಿನಂಶ ಸುಮಾರು 0.35 ಪಿಪಿಟಿ ಏರುತ್ತದೆ. ಭಾನುವಾರ ಒಮ್ಮೆ ಎಲ್ಲ ಸೇರಿಸಿ ಎಂಟು ಲೀಟರ್ ಸುರಿದರೆ ಆ ಒಂದು ಗಂಟೆಯಲ್ಲಿ ಸುಮಾರು 3 ಪಿಪಿಟಿ ಕುಸಿಯುತ್ತದೆ. ಜೋವಾ ಸೋಮವಾರ ಮುಚ್ಚಿಕೊಂಡಿತು, ಬುಧವಾರ ತೆರೆಯಿತು ಎಂದು ಗೊಂದಲಪಡುವವರ ಟ್ಯಾಂಕಿನಲ್ಲಿ ನಡೆಯುತ್ತಿರುವುದು ಹೆಚ್ಚಾಗಿ ಇದೇ. ಫ್ಲೋಟ್ ಸ್ವಿಚ್ ಇರುವ ಆಟೋ ಟಾಪ್-ಆಫ್ (ಆವಿಯಾದಷ್ಟು ನೀರನ್ನು ತಾನೇ ತುಂಬುವ ಸಾಧನ) ಹಾಕಿಸಿ, ಇಲ್ಲದಿದ್ದರೆ ಗಾಜಿನ ಮೇಲೆ ಗೆರೆ ಎಳೆದು ಬೆಳಿಗ್ಗೆ ಸಂಜೆ ಗೆರೆಯವರೆಗೆ ಸಿಹಿನೀರು ತುಂಬಿ. ಉಪ್ಪಿನಂಶ ಎಷ್ಟೇ ತಪ್ಪಿದ್ದರೂ ದಿನಕ್ಕೆ 1 ಪಿಪಿಟಿಗಿಂತ ಹೆಚ್ಚು ಸರಿಸಬೇಡಿ.

ತುಂಬುವ ನೀರು ಯಾವುದು? ಆರ್‌ಒ ನಂತರ ಉಳಿದ ಲವಣವನ್ನೂ ಹೀರುವ ಡಿಐ ರಾಳ ದಾಟಿ ಬಂದ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಅಳತೆ) 0 ತೋರಿಸುವ ನೀರು. ಕುಡಿಯುವ ನೀರಿಗೆ ಮನೆಯಲ್ಲಿರುವ ಆರ್‌ಒ ಯಂತ್ರ ಇದಕ್ಕೆ ಆಗುವುದಿಲ್ಲ, ಕಾರಣ ಎರಡು. ರುಚಿಗಾಗಿ ಅವುಗಳಲ್ಲಿ ಟಿಡಿಎಸ್ ಕಂಟ್ರೋಲರ್ ಮೂಲಕ ಸ್ವಲ್ಪ ಹಸಿ ನೀರನ್ನು ಮತ್ತೆ ಸೇರಿಸುತ್ತಾರೆ. ಬೋರ್‌ವೆಲ್ ನೀರಿರುವ ಬಡಾವಣೆಗಳಲ್ಲಿ ಹೀಗೆ ಸೇರುವುದು ಕಡಿಮೆಯೇನಲ್ಲ. ಎರಡನೆಯದು ಇನ್ನೂ ಕೆಟ್ಟದ್ದು: ಈಚಿನ ಎಷ್ಟೋ ಮಾದರಿಗಳಲ್ಲಿ ಆರೋಗ್ಯಕ್ಕೆಂದು ತಾಮ್ರ ಬಿಡುವ ಕಾರ್ಟ್ರಿಜ್ ಇರುತ್ತದೆ. ನಮಗೆ ಒಳ್ಳೆಯದೆನ್ನುವ ಆ ತಾಮ್ರ ಬೆನ್ನೆಲುಬಿಲ್ಲದ ಕಡಲ ಜೀವಿಗಳಿಗೆ ನೇರ ವಿಷ. ಅದೇ ಕಾರಣಕ್ಕೆ ಟಾಪ್-ಆಫ್ ನೀರನ್ನು ತಾಮ್ರದ ಬಿಂದಿಗೆ, ಹಿತ್ತಾಳೆ ಕೊಳಗದಲ್ಲಿ ಹಿಡಿದಿಡಬೇಡಿ. ಆಹಾರಕ್ಕೆ ಬಳಸುವ ಪ್ಲಾಸ್ಟಿಕ್ ಡ್ರಮ್ ಸಾಕು. ಮೀನಿಗೆ ತಾಮ್ರದ ಔಷಧಿ ಕೊಡಬೇಕಾದರೆ ಬೇರೆ ಟ್ಯಾಂಕಿನಲ್ಲಿ ಕೊಡಿ.

ವಾರಕ್ಕೆ 10 ಲೀಟರ್ ಬದಲಿಸಿ. 10 ಲೀಟರ್ ಆರ್‌ಒ-ಡಿಐ ನೀರಿಗೆ ಸುಮಾರು 370 ಗ್ರಾಂ ರೀಫ್ ಸಾಲ್ಟ್ ಹಾಕಿ ಚಿಕ್ಕ ಪವರ್‌ಹೆಡ್‌ನಿಂದ (ನೀರಿನೊಳಗೆ ಹರಿವು ಎಬ್ಬಿಸುವ ಪಂಪು) ರಾತ್ರಿಯಿಡೀ ಕಲಸಿ, ಬೆಳಿಗ್ಗೆ ಅಳೆದು, ಉಷ್ಣಾಂಶವನ್ನೂ ಹೊಂದಿಸಿ ಹಾಕಿ. ಕರಾವಳಿಯಲ್ಲಿರುವವರಿಗೆ ಕಡಲ ನೀರನ್ನೇ ತುಂಬಿ ತರುವ ಆಸೆ ಸಹಜ. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ನದಿಗಳ ನೀರು ನುಗ್ಗಿ ದಡದ ಬಳಿ ಉಪ್ಪಿನಂಶ ಇಳಿದುಹೋಗುತ್ತದೆ, ಜೊತೆಗೆ ಊರಿನ ಕೊಳೆ ಬೇರೆ. ಹತ್ತು ಸಲ ಸರಿಹೋಗಿ ಹನ್ನೊಂದನೇ ಸಲ ಟ್ಯಾಂಕ್ ಖಾಲಿ ಮಾಡಿಸುವ ಕೆಲಸ ಅದು.

ಆಲ್ಕಲಿನಿಟಿಯನ್ನು ವಾರಕ್ಕೆರಡು ಸಲ, ದಿನದ ಒಂದೇ ಹೊತ್ತಿನಲ್ಲಿ ಅಳೆಯಿರಿ. 100 ಲೀಟರಿನಲ್ಲಿ 1 ಡಿಕೆಎಚ್ ಏರಿಸಲು 3 ಗ್ರಾಂ ಅಡುಗೆ ಸೋಡಾ ಬೇಕು. ಬೇಕಿಂಗ್ ಪೌಡರ್ ಅಲ್ಲ, ಅದರಲ್ಲಿ ಬೇರೆ ಆಮ್ಲ, ಹಿಟ್ಟು ಸೇರಿರುತ್ತದೆ. ಬರೀ ಸೋಡಿಯಂ ಬೈಕಾರ್ಬೊನೇಟ್ ಬೇಕು. ಒಂದು ದಿನಕ್ಕೆ ಅರ್ಧ ಡಿಕೆಎಚ್ ಸಾಕು: 1.5 ಗ್ರಾಂ ಸೋಡಾವನ್ನು ಕಾಲು ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಪವರ್‌ಹೆಡ್ ಮುಂದೆ ನಿಧಾನ ಸುರಿಯಿರಿ.

ಇನ್ನು ನೈಟ್ರೇಟ್, ಫಾಸ್ಫೇಟ್. ಎರಡನ್ನೂ ಸೊನ್ನೆಗೆ ಇಳಿಸಿದರೆ ಟ್ಯಾಂಕ್ ಶುದ್ಧ ಎಂಬ ನಂಬಿಕೆ ಜೋವಾಗಳನ್ನು ಉಪವಾಸ ಕೆಡವಿದಷ್ಟು ಇನ್ನಾವುದೂ ಕೆಡವಿಲ್ಲ. ಜೋವಾದ ಮೈಯೊಳಗಿರುವ ಸೂಕ್ಷ್ಮ ಪಾಚಿ ಬೆಳಕಿನಿಂದ ಸಕ್ಕರೆ ಮಾಡಿಕೊಡುತ್ತದೆ. ಆದರೆ ಆ ಪಾಚಿಗೂ ಗೊಬ್ಬರ ಬೇಕಲ್ಲ. ಸೊನ್ನೆಯಾದಾಗ ಪಾಲಿಪ್ ಚಿಕ್ಕದಾಗುತ್ತದೆ, ಬಣ್ಣ ತೆಳುವಾಗುತ್ತದೆ. ಅದೇ ಹೊತ್ತಿನಲ್ಲಿ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆ, ಒಳಗೆ ಗಾಳಿಗುಳ್ಳೆ ಸಿಕ್ಕಿಸಿಕೊಂಡ ದಾರದ ಹಾಗೆ ಎಲ್ಲ ಕಡೆ ಹಬ್ಬುತ್ತದೆ. ಹೀಗಾದರೆ ಫಾಸ್ಫೇಟ್ ಹೀರುವ ಜಿಎಫ್‌ಒ ತೆಗೆಯಿರಿ, ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್ ಅರ್ಧ ದಿನ ನಿಲ್ಲಿಸಿ, ಮೀನಿಗೆ ಒಂದು ಹೊತ್ತು ಹೆಚ್ಚು ಊಟ ಹಾಕಿ. ಆಗಲೂ ನೈಟ್ರೇಟ್ ಏರದಿದ್ದರೆ ಆಹಾರ ದರ್ಜೆಯ ಸೋಡಿಯಂ ನೈಟ್ರೇಟ್ ಹಾಕಬಹುದು. 100 ಲೀಟರಿಗೆ 1.4 ಗ್ರಾಂ ಹಾಕಿದರೆ ಸುಮಾರು 10 ಪಿಪಿಎಂ ಏರುತ್ತದೆ. ದಿನಕ್ಕೆ 2 ಪಿಪಿಎಂ ಮೀರದಂತೆ, ಅಂದರೆ 0.28 ಗ್ರಾಂನಂತೆ ಐದು ದಿನಕ್ಕೆ ಹಂಚಿ. ಕೃಷಿ ಗೊಬ್ಬರದ ಪುಡಿ ಬಳಸಬೇಡಿ.

ಬಿಸಿಲುಗಾಲದಲ್ಲಿ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ನೀರಿನ ಮೇಲೆ ಬೀಸುವ ಎರಡು ಚಿಕ್ಕ ಫ್ಯಾನ್ 2–3 ಡಿಗ್ರಿ ಇಳಿಸಿಕೊಡುತ್ತವೆ. ಮಂಗಳೂರಿನ ತೇವದ ಗಾಳಿಯಲ್ಲಿ ನೀರು ಅಷ್ಟಾಗಿ ಆವಿಯಾಗದ ಕಾರಣ ಫ್ಯಾನ್ ಸೋಲುತ್ತದೆ, ಚಿಲ್ಲರ್ ಬೇಕಾಗಬಹುದು. ಡಿಸೆಂಬರ್, ಜನವರಿಯ ರಾತ್ರಿಗಳಿಗೆ 100 ವ್ಯಾಟ್ ಹೀಟರ್ ಒಂದನ್ನು 25ಕ್ಕೆ ಇಟ್ಟಿರಿ. ಕರೆಂಟ್ ಹೋದಾಗ ಮೊದಲು ಕಷ್ಟಪಡುವುದು ಮೀನು. ಜೋವಾ ಕೆಲವು ಗಂಟೆ ಸುಮ್ಮನಿರುತ್ತದೆ. ಮನೆಯ ಯುಪಿಎಸ್‌ಗೆ ಒಂದು 10 ವ್ಯಾಟ್ ಪವರ್‌ಹೆಡ್ ಮಾತ್ರ ಸೇರಿಸಿದರೂ ರಾತ್ರಿ ಕಳೆಯುತ್ತದೆ.

ಹಾಗೆಯೇ, ಟ್ಯಾಂಕಿರುವ ಕೋಣೆಯಲ್ಲಿ ಸೊಳ್ಳೆ, ಜಿರಳೆ ಸ್ಪ್ರೇ ಹೊಡೆಯಬೇಡಿ. ಅವುಗಳಲ್ಲಿರುವ ಪೈರೆಥ್ರಾಯ್ಡ್ ಸೀಗಡಿಗೂ ಮೀನಿಗೂ ಮಾರಕ, ಏರ್ ಪಂಪ್ ಅದನ್ನು ನೇರ ನೀರಿಗೆ ತಳ್ಳುತ್ತದೆ.

ಬೆಳಕು, ಹರಿವು, ಜಾಗ

ಪಾರ್ ಅಂದರೆ ಪಾಚಿಗೆ ಉಪಯೋಗವಾಗುವ ಬೆಳಕಿನ ಅಳತೆ. ಜೋವಾಗೆ 80ರಿಂದ 150 ಪಾರ್, ದಿನಕ್ಕೆ 8–9 ಗಂಟೆ ಸಾಕು. ಹೊಸ ತುಂಡನ್ನು 50–70 ಪಾರ್ ಇರುವ ಮರಳಿನ ಮೇಲಿಟ್ಟು ಎರಡು ಮೂರು ವಾರದಲ್ಲಿ ಮೇಲಕ್ಕೆ ತನ್ನಿ. ಪಾರ್ ಮೀಟರ್ ಎಲ್ಲರ ಬಳಿ ಇರುವುದಿಲ್ಲ. ಅದಿಲ್ಲದಿದ್ದರೂ ಪಾಲಿಪ್ ತಾನೇ ಹೇಳುತ್ತದೆ. ಕಾಂಡ ಉದ್ದುದ್ದ ಚಾಚಿ ತಲೆ ಮೇಲೆತ್ತಿ ನಿಂತಿದ್ದರೆ ಬೆಳಕು ಕಡಿಮೆ. ಮ್ಯಾಟ್‌ಗೆ ಅಂಟಿಕೊಂಡು ಕುಗ್ಗಿ, ಸ್ಕರ್ಟ್ ಗಿಡ್ಡವಾಗಿ, ಬಣ್ಣ ಬಿಳಿಚಿಕೊಂಡಿದ್ದರೆ ಹೆಚ್ಚು. ಲೈಟ್ ಹೊಸದಾಗಿ ಹಾಕಿದ್ದರೆ ಅರ್ಧದಲ್ಲಿ ಶುರುಮಾಡಿ ವಾರಕ್ಕೆ 5 ಪ್ರತಿಶತ ಏರಿಸಿ. ನೀಲಿ ಬೆಳಕಿನಲ್ಲಿ ಹೊಳೆಯುವ ಬಣ್ಣ ನೋಡಿ ಕೊಂಡುಕೊಳ್ಳುವಾಗ ಒಮ್ಮೆ ಬಿಳಿ ಬೆಳಕಿನಲ್ಲೂ ತೋರಿಸಲು ಹೇಳಿ. ಕೊಳೆತ ಕಾಂಡ, ಪಾಚಿ ಆಗ ಕಾಣುತ್ತವೆ.

ಹರಿವು ನಡುಮಟ್ಟದ್ದಿರಲಿ. 100 ಲೀಟರಿಗೆ ಪವರ್‌ಹೆಡ್‌ಗಳ ಒಟ್ಟು ಶಕ್ತಿ ಗಂಟೆಗೆ 2000–3000 ಲೀಟರ್ ಇದ್ದರೆ ಆಯಿತು, ಆದರೆ ನೀರಿನ ಧಾರೆ ನೇರ ಜೋವಾದ ಮುಖಕ್ಕೆ ಬಡಿಯಬಾರದು. ಸ್ಕರ್ಟ್ ಗಾಳಿಗೆ ಬತ್ತದ ಪೈರು ತೂಗಿದ ಹಾಗೆ ಆಡಬೇಕು. ಒಂದೇ ಕಡೆಗೆ ಬಾಗಿ ಮಲಗಿದ್ದರೆ ಹರಿವು ಜೋರು, ಪಾಲಿಪ್‌ಗಳ ನಡುವೆ ಕಸ ಕೂತಿದ್ದರೆ ಸಾಲದು. ವಾರಕ್ಕೊಮ್ಮೆ ಬಾಸ್ಟರ್‌ನಿಂದ (ರಬ್ಬರ್ ಬುಡ್ಡೆಯ ಪಿಚಕಾರಿ) ನೀರು ಊದಿ ಆ ಕಸ ಎಬ್ಬಿಸಿ.

ಜೋವಾವನ್ನು ಮುಖ್ಯ ಕಲ್ಲಿನ ಗುಡ್ಡದ ಮೇಲೆ ಅಂಟಿಸುವುದು ಮುಂದೆ ತಲೆನೋವು ತರುತ್ತದೆ. ಸುತ್ತ ಮರಳಿರುವ ಒಂಟಿ ಕಲ್ಲನ್ನು ಅದಕ್ಕೆಂದೇ ಬಿಟ್ಟುಕೊಡಿ. ಪ್ಯಾಲಿಥೋವಾಗಂತೂ ಪ್ರತ್ಯೇಕ ಕಲ್ಲು ಬೇಕೇ ಬೇಕು. ಅದು ಪಕ್ಕದ ಜೋವಾಂಥಸ್ ಮೇಲೆ ಹತ್ತಿ ಮುಚ್ಚಿಬಿಡುತ್ತದೆ. ಗ್ಯಾಲಾಕ್ಸಿಯಾ, ಟಾರ್ಚ್, ಹ್ಯಾಮರ್ ಹವಳಗಳು ರಾತ್ರಿ ಉದ್ದನೆಯ ಕುಟುಕುವ ಎಳೆಗಳನ್ನು ಚಾಚುತ್ತವೆ, ಅವುಗಳಿಂದ ಕನಿಷ್ಠ 10–15 ಸೆಂಟಿಮೀಟರ್ ದೂರವಿರಲಿ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೀನಿರುವ ಟ್ಯಾಂಕಿನಲ್ಲಿ ಜೋವಾಗೆ ಬೇರೆ ಊಟ ಬೇಕಿಲ್ಲ. ಪ್ಯಾಲಿಥೋವಾ ಮೈಸಿಸ್ ಸೀಗಡಿಯ ಚೂರು ಹಿಡಿದು ನುಂಗುತ್ತದೆ. ಜೋವಾಂಥಸ್‌ಗೆ ಬೇಕಿದ್ದರೆ ನುಣ್ಣನೆಯ ಪುಡಿ ಆಹಾರವನ್ನು ವಾರಕ್ಕೊಮ್ಮೆ, 10 ನಿಮಿಷ ಹರಿವು ನಿಲ್ಲಿಸಿ ಕೊಡಿ. ಅಯೋಡಿನ್ ಹನಿ ದಿನವೂ ಹಾಕಬೇಕೆಂಬ ಮಾತಿಗೆ ಕಿವಿಗೊಡಬೇಡಿ, ನೀರು ಬದಲಿಸಿದಾಗ ಬರುವುದೇ ಸಾಕು.

ತುಂಡು ಮನೆಗೆ ಬಂದ ದಿನ

ಹೊಸ ಟ್ಯಾಂಕಾದರೆ ಕನಿಷ್ಠ ಎರಡು ಮೂರು ತಿಂಗಳು ಮೀನಿನೊಂದಿಗೆ ನಡೆದ ಮೇಲೆ ಜೋವಾ ತನ್ನಿ. ಬಂದ ದಿನ ಹೀಗೆ ಮಾಡಿ:

1. ಚೀಲವನ್ನು ನೀರಿನ ಮೇಲೆ 20 ನಿಮಿಷ ತೇಲಿಬಿಡಿ. ಚೀಲದ ನೀರಿನ ಉಪ್ಪಿನಂಶ ಅಳೆಯಿರಿ. ವ್ಯತ್ಯಾಸ 2 ಪಿಪಿಟಿಗಿಂತ ಹೆಚ್ಚಿದ್ದರೆ ಟ್ಯಾಂಕಿನ ನೀರನ್ನು ಹನಿಹನಿಯಾಗಿ ಅರ್ಧ ಗಂಟೆ ಸೇರಿಸಿ.
2. ಒಂದು ಲೀಟರ್ ಟ್ಯಾಂಕ್ ನೀರಿನಲ್ಲಿ ಕೋರಲ್ ಡಿಪ್ (ಹವಳದ ಹುಳ ಉದುರಿಸುವ ದ್ರಾವಣ) ಅನ್ನು ಲೇಬಲ್ ಹೇಳಿದ ಪ್ರಮಾಣದಲ್ಲಿ ಹಾಕಿ. ತುಂಡನ್ನು 5–10 ನಿಮಿಷ ಮುಳುಗಿಸಿ, ನಡುನಡುವೆ ಬಾಸ್ಟರ್‌ನಿಂದ ಊದಿ. ಬಿಳಿ ಟ್ರೇ ಬಳಸಿದರೆ ಉದುರಿದ ಹುಳ ಕಾಣುತ್ತದೆ.
3. ಭೂತಗನ್ನಡಿಯಲ್ಲಿ ಕಾಂಡದ ಬುಡ ಮತ್ತು ಪ್ಲಗ್‌ನ (ತುಂಡನ್ನು ಅಂಟಿಸಿರುವ ಚಿಕ್ಕ ಬಿಲ್ಲೆ) ಅಡಿಭಾಗ ನೋಡಿ. ಬಿಳಿ ಸುರುಳಿಯಂಥ ಮೊಟ್ಟೆ ಕಂಡರೆ ಉಗುರಿನಿಂದಲ್ಲ, ಬ್ಲೇಡ್‌ನಿಂದ ಕೆರೆದು ತೆಗೆಯಿರಿ. ಯಾವ ಡಿಪ್‌ಗೂ ಮೊಟ್ಟೆ ಸಾಯುವುದಿಲ್ಲ.
4. ಹಳೆಯ ಪ್ಲಗ್ ಎಸೆದು ಹೊಸದಕ್ಕೆ ಅಂಟಿಸಿ. ಹುಳ, ಪಾಚಿ, ಐಪ್ಟೇಸಿಯಾ ಎಂಬ ಕಳೆಯಂಥ ಕಡಲ ಹೂ ಎಲ್ಲ ಬರುವುದು ಆ ಪ್ಲಗ್‌ನ ಜೊತೆಗೇ.
5. ಬೇರೆ ಶುದ್ಧ ನೀರಿನಲ್ಲಿ ಜಾಲಿಸಿ ಕ್ವಾರಂಟೈನ್‌ಗೆ ಬಿಡಿ. ಚೀಲದ ನೀರು, ಡಿಪ್‌ನ ನೀರು ಸಿಂಕಿಗೆ.

ಕ್ವಾರಂಟೈನ್ ಅಂದರೆ ದೊಡ್ಡ ಏರ್ಪಾಡೇನೂ ಅಲ್ಲ. 20–30 ಲೀಟರ್ ಗಾಜಿನ ಪೆಟ್ಟಿಗೆ, ಒಂದು ಚಿಕ್ಕ ಪವರ್‌ಹೆಡ್, ಹೀಟರ್, ಸಾಧಾರಣ ಎಲ್‌ಇಡಿ. ನಾಲ್ಕು ವಾರ ಅಲ್ಲಿರಲಿ. ಮೊಟ್ಟೆಯೊಡೆದು ಬಂದ ಮರಿಗಳು ದೊಡ್ಡವಾಗಿ ಮತ್ತೆ ಮೊಟ್ಟೆಯಿಡುವ ಮೊದಲು ಸಿಗಬೇಕೆಂದರೆ ವಾರಕ್ಕೊಮ್ಮೆ ಡಿಪ್ ಮಾಡುತ್ತಾ ಇಷ್ಟು ದಿನ ಕಾಯಲೇಬೇಕು. ಒಂದೇ ಡಿಪ್ ಮಾಡಿ ನೇರ ಮುಖ್ಯ ಟ್ಯಾಂಕಿಗೆ ಬಿಟ್ಟು, ಆರು ತಿಂಗಳಿನ ಬೆಳೆ ಕಳೆದುಕೊಳ್ಳುವುದು ಈ ಹವ್ಯಾಸದಲ್ಲಿ ಬಹಳ ಸಾಮಾನ್ಯವಾದ ನಷ್ಟ.

ಮುಚ್ಚಿಕೊಂಡರೆ ಎಲ್ಲಿಂದ ಹುಡುಕುವುದು

ಹೊಸ ತುಂಡು ಮೂರರಿಂದ ಏಳು ದಿನ ಮುಚ್ಚಿರುವುದು ಸಹಜ. ಸ್ಥಳ ಬದಲಿಸಬೇಡಿ, ಮುಟ್ಟಬೇಡಿ. ಹಳೆಯ ಕಾಲೊನಿ ಒಂದೆರಡು ದಿನ ಮುಚ್ಚಿ ಮೇಲೆ ತೆಳು ಪೊರೆ ಕಾಣಿಸಿದರೆ ಅದು ಹಳೆಯ ಪೊರೆ ಬಿಡುತ್ತಿದೆ, ಮೆಲ್ಲಗೆ ಊದಿದರೆ ಬಿಟ್ಟುಕೊಳ್ಳುತ್ತದೆ.

ಅದಕ್ಕೂ ಹೆಚ್ಚು ದಿನವಾದರೆ ಮೊದಲು ಎಷ್ಟು ಪಾಲಿಪ್ ಮುಚ್ಚಿವೆ ಎಂದು ನೋಡಿ. ಟ್ಯಾಂಕಿನ ಎಲ್ಲ ಕಾಲೊನಿಗಳೂ ಒಟ್ಟಿಗೆ ಮುಚ್ಚಿದ್ದರೆ ತಪ್ಪು ನೀರಿನಲ್ಲಿದೆ: ಉಪ್ಪಿನಂಶ, ಉಷ್ಣಾಂಶ, ಆಲ್ಕಲಿನಿಟಿ ಈ ಕ್ರಮದಲ್ಲಿ ಅಳೆಯಿರಿ, ಅರ್ಧ ಕಪ್ ಅಂದರೆ ಸುಮಾರು 55 ಗ್ರಾಂ ಹೊಸ ಆ್ಯಕ್ಟಿವೇಟೆಡ್ ಕಾರ್ಬನ್ ಹಾಕಿ. ಒಂದೇ ಕಾಲೊನಿ ಪೂರ್ತಿ ಮುಚ್ಚಿದ್ದರೆ ಬೆಳಕು, ಹರಿವು ಅಥವಾ ಪಕ್ಕದ ಹವಳ ನೋಡಿ. ಒಂದು ಅಂಚಿನಿಂದ ಒಂದೊಂದಾಗಿ ಮುಚ್ಚುತ್ತಾ, ಮಾಯವಾಗುತ್ತಾ ಬರುತ್ತಿದ್ದರೆ ಯಾರೋ ತಿನ್ನುತ್ತಿದ್ದಾರೆ.

ತಿನ್ನುವವರನ್ನು ಹಿಡಿಯಲು ದೀಪ ಆರಿ ಎರಡು ಗಂಟೆಯ ಮೇಲೆ ಕೆಂಪು ಟಾರ್ಚ್ ಹಿಡಿದು ನೋಡಿ. ಜೋವಾ ತಿನ್ನುವ ನ್ಯೂಡಿಬ್ರಾಂಕ್ (ಚಿಪ್ಪಿಲ್ಲದ ಕಡಲ ಬಸವನಹುಳು) ತಾನು ತಿಂದ ಪಾಲಿಪ್‌ನ ಪಾಚಿಯನ್ನೇ ಮೈಯಲ್ಲಿ ತುಂಬಿಕೊಂಡು ಅದೇ ಬಣ್ಣಕ್ಕೆ ತಿರುಗುತ್ತದೆ, ಬೆನ್ನ ಮೇಲೆ ಸ್ಕರ್ಟ್‌ನಂಥದ್ದೇ ಎಳೆಗಳು. ಎದುರಿಗಿದ್ದರೂ ಪಾಲಿಪ್ ಎಂದೇ ತೋರುತ್ತದೆ. ಕಾಂಡದಿಂದ ಕಾಂಡಕ್ಕೆ ಸರಿಯುವುದನ್ನು ನೋಡಿಯೇ ಗುರುತಿಸಬೇಕು. ಸನ್‌ಡಯಲ್ ಬಸವನಹುಳು ಸುಲಭ: ಚಪ್ಪಟೆ ಸುರುಳಿ ಚಿಪ್ಪು, ಮೇಲೆ ಕಪ್ಪು ಬಿಳಿ ಚೌಕುಳಿ. ಚಿಮಟದಿಂದ ಎತ್ತಿ ಹಾಕಿ. ಕಡಲ ಜೇಡ ಕಾಲು ಕಾಲೇ ಕಾಣುವ ಕೆಲವೇ ಮಿಲಿಮೀಟರ್‌ನ ಪ್ರಾಣಿ, ಕಾಂಡಕ್ಕೆ ಮೂತಿ ಚುಚ್ಚಿ ಹೀರುತ್ತದೆ. ಡಿಪ್ ಜೊತೆಗೆ, ಉಷ್ಣಾಂಶ ಹೊಂದಿಸಿದ ಆರ್‌ಒ ನೀರಿನಲ್ಲಿ ಒಂದು ನಿಮಿಷ ಅದ್ದಿದರೆ ಇದು ಉದುರುತ್ತದೆ. ಇಳಿತದ ಹೊತ್ತಿನಲ್ಲಿ ಮಳೆಗೆ ನೆನೆಯುವ ಜೀವಿಯಾದ್ದರಿಂದ ಜೋವಾ ಆ ಒಂದು ನಿಮಿಷವನ್ನು ತಡೆಯುತ್ತದೆ. ಅದಕ್ಕಿಂತ ಹೆಚ್ಚು ಬೇಡ. ಹಗಲಿನಲ್ಲಿ ಕುಕ್ಕುವುದು ಮೀನು: ಚಿಟ್ಟೆಮೀನು, ಕುಬ್ಜ ಏಂಜೆಲ್. ‘ನನ್ನ ಏಂಜೆಲ್ ಒಳ್ಳೆಯದು’ ಎಂದು ಒಂದು ವರ್ಷ ಹೇಳಿದವರಿಗೂ ಎರಡನೇ ವರ್ಷ ಖಾತ್ರಿಯಿಲ್ಲ.

ಕಾಂಡದ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ, ಹಳದಿ ಗುಳ್ಳೆಗಳೆದ್ದರೆ ಅದು ಜೋವಾ ಪಾಕ್ಸ್. ಫ್ಯೂರಾನ್-2 ಎಂಬ ಮೀನಿನ ಔಷಧಿಯ ಒಂದು ಪೊಟ್ಟಣವನ್ನು ಒಂದು ಕಪ್ ಟ್ಯಾಂಕ್ ನೀರಿನಲ್ಲಿ ಕರಗಿಸಿ, ಮಂದ ಬೆಳಕಿನಲ್ಲಿ 20 ನಿಮಿಷ ಅದ್ದಿ ಜಾಲಿಸಿ, ಮೂರು ದಿನ ಹೀಗೆ ಮಾಡುವುದು ರೂಢಿಯಲ್ಲಿರುವ ಚಿಕಿತ್ಸೆ. ಅದು ಪ್ರತಿಜೈವಿಕ. ಟ್ಯಾಂಕಿಗೆ ಸುರಿಯಬಾರದು, ಕೈಗವಸು ಬೇಕು.

ಪಾಲಿಪ್‌ಗಳ ನಡುವೆ ಹಸಿರು ದಾರದ ಪಾಚಿ ಬೆಳೆದು ಉಸಿರುಗಟ್ಟಿಸಿದ್ದರೆ ಹೈಡ್ರೋಜನ್ ಪೆರಾಕ್ಸೈಡ್ ಕೆಲಸ ಮಾಡುತ್ತದೆ. ಹೊರದೇಶದ ಸೂಚನೆಗಳೆಲ್ಲ 3 ಪ್ರತಿಶತದ ದ್ರಾವಣಕ್ಕೆ ಬರೆದವು. ನಮ್ಮ ಮೆಡಿಕಲ್ ಸ್ಟೋರಿನಲ್ಲಿ ಸಿಗುವುದು ಹೆಚ್ಚಾಗಿ 6 ಪ್ರತಿಶತದ್ದು, ಇದನ್ನು ಗಮನಿಸದೆ ದುಪ್ಪಟ್ಟು ಹಾಕಿ ಸುಟ್ಟುಕೊಳ್ಳುವವರಿದ್ದಾರೆ. 6 ಪ್ರತಿಶತದ್ದಾದರೆ 50 ಮಿ.ಲೀ.ಗೆ 950 ಮಿ.ಲೀ. ಟ್ಯಾಂಕ್ ನೀರು, ಐದು ನಿಮಿಷ. ಚೆನ್ನಾಗಿ ಜಾಲಿಸಿ ಬಿಡಿ, ಪೆರಾಕ್ಸೈಡ್ ಸೀಗಡಿಗಳಿಗೆ ಆಗುವುದಿಲ್ಲ. ಮೂರು ನಾಲ್ಕು ದಿನದಲ್ಲಿ ಪಾಚಿ ಬೆಳ್ಳಗಾಗಿ ಉದುರುತ್ತದೆ.

ಪಾಲಿಪ್ ಬೂದುಬಣ್ಣದ ಲೋಳೆಯಾಗಿ ಕರಗುತ್ತಿದ್ದರೆ ಕಾಯಬೇಡಿ. ಕಲ್ಲನ್ನು ಹೊರತೆಗೆದು, ಕೊಳೆತ ಭಾಗವನ್ನೂ ಅದರ ಪಕ್ಕದ ಒಂದು ಸಾಲು ಒಳ್ಳೆಯ ಪಾಲಿಪ್‌ಗಳನ್ನೂ ಬ್ಲೇಡ್‌ನಿಂದ ಬೇರ್ಪಡಿಸಿ, ಉಳಿದದ್ದನ್ನು ಲೀಟರಿಗೆ 5–10 ಹನಿ 5 ಪ್ರತಿಶತದ ಲುಗಾಲ್ ಅಯೋಡಿನ್ ಹಾಕಿದ ನೀರಿನಲ್ಲಿ 10 ನಿಮಿಷ ಅದ್ದಿ ಬೇರೆ ಜಾಗದಲ್ಲಿ ಇಡಿ.

ಯಾವ ಚಿಕಿತ್ಸೆ ಮಾಡಿದರೂ ಒಂದು ಸಲಕ್ಕೆ ಒಂದನ್ನೇ ಮಾಡಿ, ಒಂದು ವಾರ ನೋಡಿ. ಬೆಳಕು ಇಳಿಸಿ, ಜಾಗ ಬದಲಿಸಿ, ಡಿಪ್ ಮಾಡಿ, ಎಲ್ಲ ಒಂದೇ ದಿನ ಮಾಡಿದರೆ ಸರಿಹೋದರೂ ಏಕೆ ಸರಿಹೋಯಿತೆಂದು ತಿಳಿಯುವುದಿಲ್ಲ.

ತುಂಡು ಮಾಡುವುದು

ಕಾಲೊನಿ ಕಲ್ಲು ತುಂಬಿದ ಮೇಲೆ ಫ್ರ್ಯಾಗ್ ಮಾಡಬಹುದು. ಅಡುಗೆಮನೆಯ ಕಟ್ಟೆ ಇದಕ್ಕೆ ಜಾಗವಲ್ಲ. ಗಾಳಿಯಾಡುವ ಕಡೆ, ಮಕ್ಕಳು ನಾಯಿ ಬೆಕ್ಕು ಬಾರದಂತೆ ಬಾಗಿಲು ಹಾಕಿಕೊಂಡು, ಗಾಗಲ್ಸ್, ಮಾಸ್ಕ್, ಎರಡು ಜೊತೆ ಕೈಗವಸು ತೊಟ್ಟು ಕೂರಿ. ಪಾಲಿಪ್‌ಗಳು ಮುಚ್ಚುವಂತೆ ಕಲ್ಲನ್ನು ಮೆಲ್ಲಗೆ ಅಲುಗಾಡಿಸಿ ಹೊರತೆಗೆಯಿರಿ. ಅರಳಿದ ಪಾಲಿಪ್ ಹಿಂಡಿದರೆ ನೀರು ಚಿಮ್ಮುತ್ತದೆ, ಕಣ್ಣಿಗೆ ಬೀಳುವುದು ಹೀಗೆ.

ಹೊಸ ಸ್ಕಾಲ್ಪೆಲ್ ಬ್ಲೇಡ್‌ನಿಂದ ಎರಡು ಪಾಲಿಪ್‌ಗಳ ನಡುವಿನ ಮ್ಯಾಟನ್ನು ಮಾತ್ರ ಕೊಯ್ಯಿರಿ, ಕಾಂಡಕ್ಕೆ ತಾಗದಿರಲಿ. ಮ್ಯಾಟ್‌ನ ಅಡಿಯಿಂದ ಬ್ಲೇಡ್ ತೂರಿಸಿ ಸುಲಿಯುವುದಕ್ಕಿಂತ ಕಟರ್‌ನಿಂದ ಕಲ್ಲಿನ ತೆಳು ಚಕ್ಕೆ ಸಮೇತ ಎಬ್ಬಿಸುವುದು ಲೇಸು. ಗಾಯ ಕಡಿಮೆ, ಅಂಟೂ ಕಲ್ಲಿಗೇ ಹಿಡಿಯುತ್ತದೆ. ತುಂಡಿಗೆ ಕನಿಷ್ಠ ಮೂರು ನಾಲ್ಕು ಪಾಲಿಪ್ ಇರಲಿ. ಚಕ್ಕೆಯ ಅಡಿಯನ್ನು ಟಿಶ್ಯೂವಿನಿಂದ ಒತ್ತಿ ಒರೆಸಿ, ಸಯನೋಆಕ್ರಿಲೇಟ್ ಜೆಲ್ ಅಂಟನ್ನು ಬಟಾಣಿಯಷ್ಟು ಪ್ಲಗ್ ಮೇಲೆ ಹಾಕಿ 20 ಸೆಕೆಂಡ್ ಒತ್ತಿ ಹಿಡಿಯಿರಿ. ನೀರಿನಂಥ ಅಂಟು ಮ್ಯಾಟ್ ಮೇಲೆ ಹರಿದು ಸುಡುತ್ತದೆ, ಜೆಲ್ ಮಾತ್ರ ಬಳಸಿ. ಬೇರೆ ಪಾತ್ರೆಯ ಟ್ಯಾಂಕ್ ನೀರಿನಲ್ಲಿ ಎರಡು ಸಲ ಜಾಲಿಸಿ ಲೋಳೆ ಕಳೆದ ಮೇಲೆ ಟ್ಯಾಂಕಿಗೆ ಬಿಡಿ, ಹೊಸ ಕಾರ್ಬನ್ ಹಾಕಿ. ಜಾಲಿಸಿದ ನೀರು, ಟಿಶ್ಯೂ, ಕೈಗವಸುಗಳಿಗೆ ಮೇಲೆ ಹೇಳಿದ ಬ್ಲೀಚ್.

ಮೊದಲ ವಾರ ಹರಿವು ಕಡಿಮೆಯಿರುವ, 60–80 ಪಾರ್‌ನ ಜಾಗದಲ್ಲಿ ಇರಲಿ. ಕೆಲವು ದಿನಗಳಲ್ಲಿ ಪಾಲಿಪ್ ತೆರೆಯುತ್ತದೆ. ಎರಡು ಮೂರು ವಾರದಲ್ಲಿ ಮ್ಯಾಟ್‌ನ ಅಂಚು ಅಂಟು ದಾಟಿ ಪ್ಲಗ್ ಮೇಲೆ ತೆಳುವಾಗಿ ಹರಿಯತೊಡಗುತ್ತದೆ. ಆ ಅಂಚಿನಲ್ಲಿ ಗುಂಡುಸೂಜಿಯ ತಲೆಯಷ್ಟು ಹೊಸ ಮೊಗ್ಗು ಕಂಡ ದಿನ ಅದನ್ನು ಅದರ ಕಾಯಂ ಕಲ್ಲಿಗೆ ಸಾಗಿಸಬಹುದು.